ನೀವು ಬದಿಗಿಟ್ಟ ರಕ್ತ

ಯಾದಗಿರಿ
೨೧೮೭ನೇ ಇಸವಿ, ಎರಡನೇ ಬೇಸಿಗೆ

ಡಾ. ಪ್ರಣತಿಯವರಿಗೆ,

ಈ ತಾರೀಖು ಕಂಡು ನೀವು ಹುಬ್ಬೇರಿಸುವುದು ಸಹಜ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಬೀದಿಗಳ ಮೇಲೆಲ್ಲ ಬಿಸಿಲು ತಡೆಯುವ ನೆರಳುಬಟ್ಟೆ ಕಟ್ಟಿರುತ್ತೇವೆ; ಅದರಡಿಯಲ್ಲೇ ಸಂತೆ, ಶಾಲೆ, ಮದುವೆ. ಆ ಬಟ್ಟೆ ನೇಯುತ್ತಿದ್ದವಳು ನನ್ನ ತಂಗಿ ಚಂಪಾವತಿ. ನಾನು ಇಲ್ಲಿನ ಆಸ್ಪತ್ರೆಯ ವೈದ್ಯೆ.

ಪಿಎಚ್.ಡಿ. ಮುಗಿಸಿ ನೀವು ಈಗಷ್ಟೇ ಕೈಹಾಕಿರುವ ಸಂಶೋಧನೆಯ ಫಲವನ್ನು ನಾವು ಕಾವಲುಪಾಠ ಎನ್ನುತ್ತೇವೆ. ರೋಗಿಯ ರಕ್ತದಿಂದ ರೋಗನಿರೋಧಕ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಗಡ್ಡೆಯನ್ನು ಗುರುತಿಸಲು ಕಲಿಸಿ, ಮತ್ತೆ ಮೈಗೆ ಸೇರಿಸುವುದು. ಜನ ಬೆಳಿಗ್ಗೆ ಬಂದು ಹಾಕಿಸಿಕೊಂಡು ಸಂಜೆಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಗಡ್ಡೆ ಕರಗುತ್ತದೆ. ಮಕ್ಕಳು ಶಾಲೆಯಲ್ಲಿ ನಿಮ್ಮ ಹೆಸರು ಓದುತ್ತಾರೆ.

ಚಂಪಾಳ ಗಂಟಲಲ್ಲಿ ಗಡ್ಡೆ ಎದ್ದಾಗ ನಾನೇ ಕಾವಲುಪಾಠ ಕೊಟ್ಟೆ. ಕಲಿತು ಬಂದ ಕೋಶಗಳು ಗಡ್ಡೆಯನ್ನು ಬಿಟ್ಟು ಅವಳ ಯಕೃತ್ತಿನ ಮೇಲೆ ಬಿದ್ದವು. ಹೀಗಾದವರು ನಮ್ಮ ಸೀಮೆಯಲ್ಲಿ ಮೊದಲೂ ಇದ್ದರು. ನನ್ನ ತಂಗಿ ಅವರಲ್ಲೊಬ್ಬಳಾದಾಳೆಂದು ನಾನು ಎಣಿಸಿರಲಿಲ್ಲ.

“ಅಕ್ಕಾ, ಎಲ್ಲಾರಿಗೂ ನಾಟೋ ಔಷಧ ನನಗ್ಯಾಕ ನಾಟವಲ್ದು?” ಎಂದು ಕೇಳಿದಳು.

“ನಮ್ಮಂಥ ಮಂದಿ ರಕ್ತ ನೋಡಿ ಮಾಡಿದ್ದಲ್ಲವ್ವಾ ಇದು,” ಎಂದೆ.

“ಹಂಗಾರ ನಾವು ಅದೀವಿ ಅನ್ನೋದೇ ಅವ್ರಿಗೆ ಗೊತ್ತಿದ್ದಿಲ್ಲೇನು?” ಎಂದಳು.

ನಿಮಗೆ ಗೊತ್ತಿತ್ತು. ಇಳಿವಯಸ್ಸಿನಲ್ಲಿ, ಸನ್ಮಾನದ ಸಭೆಯೊಂದರಲ್ಲಿ ನೀವೇ ಅದನ್ನು ಹೇಳಿದಿರಿ. ನಿಮಗದು ಮುಂದೆ ನಡೆಯಬೇಕಾದ್ದು, ನಮಗೆ ನಡೆದುಹೋದದ್ದು. ನಮ್ಮ ಕಡೆಯ ಕೆಲವು ಹೆಂಗಸರ ರಕ್ತದಲ್ಲಿ ಫಲಿತಾಂಶ ಅಡ್ಡಾದಿಡ್ಡಿ ಬಂದಾಗ ನಿಮ್ಮ ಮುಖ್ಯಸ್ಥರು, “ಇವನ್ನ ಸದ್ಯಕ್ಕೆ ಬಿಟ್ಬಿಡಮ್ಮ, ಮೊದಲು ಪ್ರಬಂಧ ಹೋಗಲಿ, ಆಮೇಲೆ ನೋಡೋಣ” ಎಂದರಂತೆ. ನೀವು ಬಿಟ್ಟಿರಿ. ಆ ಪ್ರಯೋಗಾಲಯದಲ್ಲಿ ನಿಮ್ಮ ಅವಧಿ ಮುಗಿಯಿತು, ಬೇರೆ ಊರಿಗೆ ಹೋದಿರಿ. ಹೆಚ್ಚಿನವರಿಗೆ ಔಷಧ ಫಲಿಸಿದ ಮೇಲೆ ಮತ್ತೆ ಮೊದಲಿನಿಂದ ಹುಡುಕುವ ತೊಂದರೆ ಯಾರಿಗೆ ಬೇಕಿತ್ತು? ಸಭೆಯಲ್ಲಿ ನಿಮ್ಮ ಪ್ರಾಮಾಣಿಕತೆಗೆ ಜನ ಚಪ್ಪಾಳೆ ತಟ್ಟಿದರಂತೆ.

ಚಂಪಾ ಹೋದಳು. ಮಗ್ಗದ ಮೇಲಿದ್ದ ಅರ್ಧ ನೇಯ್ದ ಬಟ್ಟೆಯನ್ನೇ ಕತ್ತರಿಸಿ ಅವಳಿಗೆ ಹೊದಿಸಿದೆವು.

ಆ ಹೆಂಗಸರ ರಕ್ತ ಇನ್ನೂ ನಿಮ್ಮ ಕೈಯಲ್ಲಿದೆ. ನಿಮ್ಮ ಗ್ರಾಫ್ ಕೆಡಿಸುತ್ತಿರುವ ಆ ಗೆರೆಗಳೇ ನಾವು. ಮುಖ್ಯಸ್ಥರು ಸಿಟ್ಟಾದರೆ ಆಗಲಿ, ಪ್ರಬಂಧ ತಡವಾದರೆ ಆಗಲಿ, ಆ ರಕ್ತವನ್ನು ಬಿಸಾಡಬೇಡಿ.

ನಾಳೆ ಬೆಳಿಗ್ಗೆ ಬಸಲಿಂಗಮ್ಮ ಎಂಬಾಕೆಗೆ ನಾನು ಇದೇ ಕಾವಲುಪಾಠ ಕೊಡಬೇಕು. ನಮ್ಮಲ್ಲಿ ಬೇರೆ ಔಷಧವಿಲ್ಲ. ಗುಣವಾಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದಿದ್ದೇನೆ.

ಇರಾವತಿ ಕಟ್ಟಿಮನಿ