ನಮ್ಮ ಭಾಷೆಗೆ ಗಿರಾಕಿಗಳಿಲ್ಲವಂತೆ

ರೋಯಾ, ಲಾಟ್ವಿಯಾ
ನವೆಂಬರ್ ೧೪

ಮಗಳೇ ಎವಿಯಾ,

ಹೇಗಿದ್ದೀಯ? ಉತ್ತರ ತಡವಾಯಿತು, ಬೈಯಬೇಡ. ಬೆರಳುಗಳು ಈಗ ಪೆನ್ನನ್ನೂ ಸರಿಯಾಗಿ ಹಿಡಿಯುವುದಿಲ್ಲ. ಮನಸ್ಸೂ ಇರಲಿಲ್ಲ ಅನ್ನು. ಐರ್ಲೆಂಡಿನ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ?

ನೀನು ಕಳಿಸಿದ ಓದುವ ಯಂತ್ರ ಹಗುರವಾಗಿದೆ. ದಪ್ಪ ಪುಸ್ತಕ ಎತ್ತಲಾರದ ಕೈಗೆ ಅದೇ ಸರಿ. ಆದರೆ ಅದರೊಳಗಿನ ಅಂಗಡಿಯಲ್ಲಿ ಎಲ್ಲರ ಭಾಷೆಯೂ ರಾಶಿ ಬಿದ್ದಿದೆ, ನಮ್ಮದು ಮಾತ್ರ ಹುಡುಕಬೇಕು. ಸಿಕ್ಕಿದ್ದಕ್ಕೂ ಅಚ್ಚಿನ ಪುಸ್ತಕದಷ್ಟೇ ಬೆಲೆ!

ಗ್ರಂಥಾಲಯದ ಮರುತಾಳನ್ನು ಕೇಳಿದೆ. "ಓದೋರೇ ಕಮ್ಮಿ, ಜೆಂಟಕ್ಕಾ. ಖರ್ಚೆಲ್ಲ ಇರೋ ನಾಲ್ಕು ಜನದ ತಲೆ ಮೇಲೇ ಬೀಳತ್ತೆ. ನಮ್ಮಲ್ಲಿ ಪುಕ್ಕಟೆ ತಗೊಳ್ಳಿ, ಆದ್ರೆ ಸಾಲಲ್ಲಿ ಕಾಯಬೇಕು" ಅಂದಳು.

"ಕಾಗದವೇ ಇಲ್ಲದ ಪುಸ್ತಕಕ್ಕೆ ಎಂಥಾ ಸಾಲೇ?"

"ಒಂದು ಸಲಕ್ಕೆ ಒಬ್ಬರಿಗೇ ಕೊಡಬೇಕು ಅಂತ ಪ್ರಕಾಶಕರ ಕರಾರು."

"ಸೋವಿಯತ್ ಕಾಲದಲ್ಲಿ ಸಾಸೇಜಿಗೆ ಸಾಲು ನಿಂತಿದ್ದೆ. ಅದು ಖಾಲಿಯಾಗೋ ಪದಾರ್ಥ. ಇದೇನು ಸವೆದು ಹೋಗತ್ತಾ?" ಅಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನ ಕಾದಂಬರಿಯ ಇಂಗ್ಲಿಷ್ ಪ್ರತಿ ಅದೇ ಅಂಗಡಿಯಲ್ಲಿ ಒಂದು ಕಾಫಿಯ ಬೆಲೆಗೆ ಸಿಕ್ಕಿತು. ಮುಖಪುಟದಲ್ಲಿ ಮೀನಿನ ಕಾರ್ಖಾನೆಯ ಬಿಳಿ ಟೋಪಿ ಹಾಕಿದ ಹೆಂಗಸೊಬ್ಬಳ ಬೆನ್ನು. ನಿನ್ನ ಹೆಸರು ಓದಿಕೊಳ್ಳುತ್ತೇನೆ, ಮುಂದಿನದು ತಿಳಿಯದು. ಯಾವಾಗ ಕೇಳಿದರೂ, "ಮಾರುಕಟ್ಟೆ ಚಿಕ್ಕದಮ್ಮಾ, ನಮ್ಮ ಭಾಷೇಲಿ ತರೋಕೆ ಯಾರೂ ಮುಂದೆ ಬರಲ್ಲ" ಅನ್ನುತ್ತೀಯ. ಓದು ಅರ್ಧಕ್ಕೆ ಬಿಟ್ಟು ಮೀನು ಡಬ್ಬಿಗೆ ತುಂಬಿದ ನನ್ನಂಥವಳಿಗೆ ಮಾರುಕಟ್ಟೆ ಏನು ಗೊತ್ತು! ಆದರೂ ಸಿಟ್ಟು ತಡೆಯಲಾರದೆ, ಹೋದ ವಾರ ರೀಗಾದ ಪ್ರಕಾಶನವೊಂದಕ್ಕೆ ಫೋನ್ ಮಾಡಿ, ನಿನ್ನ ಪುಸ್ತಕ ಯಾಕೆ ತರುವುದಿಲ್ಲ ಅಂತ ಬಾಯಿಗೆ ಬಂದಂತೆ ಬೈದೆ. ಫೋನೆತ್ತಿದ ಹುಡುಗಿ ಪಾಪ, ಕೊನೆಯವರೆಗೂ ಕೇಳಿಸಿಕೊಂಡಳು.

ಸಾಕಾಗಿದೆ ಮಗಳೇ. ಹೊತ್ತಿಗೆ ಸರಿಯಾಗಿ ಉಣ್ಣು, ಬೆಚ್ಚಗಿರು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಜೆಂಟಾ

ಮತ್ತೊಂದು ಮಾತು: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ಬೈಗುಳ ಮುಗಿದ ಮೇಲೆ ಆ ಹುಡುಗಿ, "ಇ-ಪುಸ್ತಕವಾಗಿ ನಾವೇ ತರ್ತೀವಿ ಅಂತ ಎರಡು ಸಲ ಕೇಳಿದ್ವಿ, ಅಮ್ಮಾ. ಲೇಖಕಿಯೇ ಬೇಡ ಅಂದ್ರು. ಬೇರೆ ಯಾವ ಭಾಷೆಗಾದ್ರೂ ಸರಿ, ಲಾಟ್ವಿಯನ್‌ಗೆ ಮಾತ್ರ ಬೇಡವಂತೆ" ಅಂದಳು. ಅದರಲ್ಲಿ ಏನು ಬರೆದಿದ್ದೀ ಅಂತ ಮರುತಾಳ ಕೈಲಿ ಓದಿಸುವುದಿಲ್ಲ. ಕಂಡು ಕೇಳರಿಯದ ಜನರೆಲ್ಲ ನಿನ್ನ ಅಮ್ಮನ ವಿಷಯ ತಿಳಿದುಕೊಂಡಿದ್ದಾರೆ. ನನಗೊಬ್ಬಳಿಗೆ ತಿಳಿದಿಲ್ಲ.