ಅಗೆಯದೆ ಬಿಟ್ಟ ಕಣ

ಹಳಿಯಾಳ, 1939

ಜನವರಿ 9, ಸೋಮವಾರ

ಅಪ್ಪ ಸತ್ತ ದಿನ ನಾನು ಅಳಲಿಲ್ಲ. ಚಿತೆಯ ಹೊಗೆ ಕಣ್ಣಿಗೆ ಹೊಡೆದು ನೀರು ಬಂತು. ನೋಡಿದವರು, ಹುಡುಗ ಅಪ್ಪನ ಮೇಲೆ ಜೀವ ಇಟ್ಟಿದ್ದ ಎಂದರು. ಇಲ್ಲ ಎನ್ನಲಿಲ್ಲ. ಇಷ್ಟು ವರ್ಷ ಅವ್ವನಿಗೂ ಹೇಳಿಲ್ಲ.

ಇವತ್ತು ನೆನಪಾಗಲು ಕಾರಣ — ರಾಣೋಜಿ ಪೈಲ್ವಾನ ತೀರಿಕೊಂಡನಂತೆ. ಕೊಲ್ಲಾಪುರದಲ್ಲಿ, ಜ್ವರ ಬಂದು. ಅಳ್ನಾವರದಲ್ಲಿ ರೈಲು ಇಳಿದವರು ಸುದ್ದಿ ತಂದರು. ಗರಡಿಯಲ್ಲಿ ಎಲ್ಲರೂ ಅತ್ತರು. ನಾಗಲಿಂಗಪ್ಪ ಗೋಡೆಗೆ ಹಣೆ ಬಡಿದುಕೊಂಡ. ಅವನು ರಾಣೋಜಿಯನ್ನು ಕಂಡದ್ದು ತನ್ನ ಅಪ್ಪನ ಅಂಗಡಿಯ ಕ್ಯಾಲೆಂಡರಿನಲ್ಲಿ ಮಾತ್ರ.

ನಾನು ಮೂಲೆಯಲ್ಲಿ ಕೂತಿದ್ದೆ. ಅಳು ಬರಲಿಲ್ಲ. ನೆಪಕ್ಕೆ ಹೊಗೆಯೂ ಇರಲಿಲ್ಲ.

ಜನವರಿ 10

ನಮಗೆ ಕುಸ್ತಿ ಕಲಿಸುವ ವಸ್ತಾದ ಅಂದಾನೆಪ್ಪನವರು ಕೊಲ್ಲಾಪುರಕ್ಕೆ ಹೋದರು. ಅವರು ಬರುವ ತನಕ ನಾಗಲಿಂಗಪ್ಪನೇ ವಸ್ತಾದ. ಹುಕುಂ ಹೊರಟಿತು: ದಿನಕರ್ಮ ಮುಗಿಯುವ ತನಕ ಗರಡಿ ಬಂದ್. ಕುಸ್ತಿಯ ಕಣ ಅಗೆಯಬಾರದು. ಎಲ್ಲರೂ ಮೀಸೆ ತೆಗೆಯಬೇಕು.

"ನಿಮ್ಮಪ್ಪ ಇನ್ನೂ ಅಂಗಡ್ಯಾಗ ಅರಿವಿ ಅಳೀಲಿಕ್ಕತ್ತಾನ. ಮೀಸಿ ಬೋಳಿಸ್ಕೊಂಡು ಮನಿಗೆ ಹೆಂಗ ಹೋಗ್ತೀಯೋ ನಾಗ್ಯಾ?" ಎಂದೆ.

"ರಾಣೋಜಿ ನಮಗ ಅಪ್ಪನಕಿಂತ ಹೆಚ್ಚು. ನಿನಗೆಲ್ಲಿ ತಿಳೀಬೇಕು."

"ನಾ ಅಪ್ಪಗ ಒಮ್ಮೆ ತಗದೇನಿ. ಇನ್ನೊಬ್ಬರಿಗೆ ತಗಿಯೂದಿಲ್ಲ."

"ನಿನ್ನ ಎದಿಯಾಗ ಕಲ್ಲ ಐತಲೇ, ತುಳಜ್ಯಾ."

ಇರಬಹುದು.

ಸಂಜೆ ಅವನ ಅಪ್ಪ ಮಗನ ಬೋಳು ತುಟಿ ನೋಡಿ, "ನಾ ಸತ್ತೇನೇನಲೇ?" ಎಂದು ಗಜದ ಕೋಲು ಹಿಡಿದು ಪೇಟೆಯ ತುಂಬ ಅಟ್ಟಾಡಿಸಿದ. ನಕ್ಕುಬಿಟ್ಟೆ. ಅದೂ ತಪ್ಪಾಯಿತು.

ಜನವರಿ 14

ಮುಲ್ಕಿ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟವನು ನಾನು. ಗರಡಿಯೂ ಇಲ್ಲದಿದ್ದರೆ ಕಾಲು ನಿಲ್ಲುವುದಿಲ್ಲ. ಬೆಳಿಗ್ಗೆ ಕಣ ಅಗೆಯಲು ಹೋದೆ. ಪಾಳಿ ನನ್ನದೇ. ಕೆಮ್ಮಣ್ಣನ್ನು ದಿನಾ ಅಗೆದು, ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡದಿದ್ದರೆ ಈ ಒಣ ಗಾಳಿಗೆ ಗಟ್ಟಿಯಾಗಿಬಿಡುತ್ತದೆ. ಆಗಲೇ ಗಟ್ಟಿಯಾಗಿತ್ತು. ನಾಲ್ಕು ಏಟು ಹಾಕುವಷ್ಟರಲ್ಲಿ ನಾಗಲಿಂಗಪ್ಪ ಬಂದು ಗುದ್ದಲಿ ಕಿತ್ತುಕೊಂಡ.

"ಸೂತಕದಾಗ ಮಣ್ಣ ಅಗೀತಿ?"

"ನಿಮ್ಮಜ್ಜಿ ಸತ್ತಾಗ ನಿಮ್ಮ ಮನ್ಯಾಗ ಸೂತಕ ಹಿಡೀಲಿಲ್ಲ. ಲಿಂಗ ಕಟ್ಟಿದವರಿಗೆ ಸೂತಕ ಇಲ್ಲಂತ ನೀನ ಹೇಳಿದ್ದಿ."

"ಹೊರಗ ನಡಿ."

"ಮಣ್ಣ ಕಲ್ಲಾಗತೈತಿ. ನಾಳೆ ಯಾರರ ಬಿದ್ದರ ಏಳೂದಿಲ್ಲ ನೋಡು."

"ಬಿಡೋ ತುಳಜ್ಯಾ," ಎಂದ ಶೇಖಪ್ಪ. "ಇನ್ನೊಂದು ವಾರದ ಮಾತು."

ಶೇಖಪ್ಪ ನನ್ನ ಜೋಡಿ. ದಿನಾ ಒಬ್ಬರನ್ನೊಬ್ಬರು ಕೆಡವಿಕೊಂಡೇ ಬೆಳೆದವರು. ಫೆಬ್ರವರಿ ಒಂದರಿಂದ ದಾಂಡೇಲಿಯ ಮರದ ನಾಟಾ ಡಿಪೋದಲ್ಲಿ ಅವನಿಗೆ ಕೆಲಸ. ತಾಯಿ ಕಾಶೆವ್ವ, ಇಬ್ಬರು ತಂಗಿಯರು ಅದನ್ನೇ ಕಾಯುತ್ತಿದ್ದಾರೆ.

ಜನವರಿ 20

ಚಹಾದಂಗಡಿಯಲ್ಲಿ ನಾನು ಕೂತರೆ ಗರಡಿಯವರು ಏಳುತ್ತಾರೆ. ನಾಳೆ ರಾಣೋಜಿಯ ಹೆಸರಿನಲ್ಲಿ ಕುಸ್ತಿ — ನಾಗಲಿಂಗಪ್ಪ, ಶೇಖಪ್ಪ. ಅಗೆಯದ ಕಣದಲ್ಲೇ, ಮೇಲೆ ಹೂ ಹಾಕಿ. ಆ ಕಣ ಈಗ ರಾಣೋಜಿಯ ಸಮಾಧಿ ಇದ್ದಂತೆ ಅಂತೆ.

ಹೋಗಿ ಇನ್ನೊಮ್ಮೆ ಹೇಳಬೇಕು. ಶೇಖಪ್ಪನಿಗಾದರೂ… ಹೋಗಲಿಲ್ಲ. ಯಾಕೆ ನಾನೇ ಹೋಗಬೇಕು?

ಜನವರಿ 21, ಸಂಜೆ

ಬಾಗಿಲ ಹೊರಗೆ ನಿಂತು ನೋಡಿದೆ. ಚೆಂಡುಹೂವಿನ ಎಸಳು, ಊದಿನಕಡ್ಡಿ, ಗೋಡೆಗೆ ಕ್ಯಾಲೆಂಡರಿನ ಚಿತ್ರ. ನಾಗಲಿಂಗಪ್ಪ ಶೇಖಪ್ಪನನ್ನು ಎತ್ತಿ ಹಾಕಿದ. ನನ್ನನ್ನೂ ಹಾಗೆ ಎಷ್ಟೋ ಸಲ ಹಾಕಿದ್ದಾನೆ, ಎದ್ದಿದ್ದೇನೆ. ಈ ಸಲ ಒಣ ಕಟ್ಟಿಗೆ ಮುರಿದಂತೆ ಸಪ್ಪಳ. ಬಲ ಹೆಗಲು. "ಯವ್ವಾ" ಅಂದ, ಅಷ್ಟೇ. ನಾನು ಒಳಗೆ ಓಡಿದೆ. ಅವನ ತಲೆ ನನ್ನ ತೊಡೆಯ ಮೇಲಿತ್ತು.

ನನ್ನ ಕಣ್ಣಲ್ಲಿ ನೀರು. ಊದಿನಕಡ್ಡಿ ಆಗಲೇ ಆರಿತ್ತು.

ಜನವರಿ 26

ಕೊಲ್ಲಾಪುರದಿಂದ ವಸ್ತಾದ ಬಂದರು. ಕಣದ ಮೇಲೆ ಹಿಮ್ಮಡಿ ಊರಿ ನೋಡಿದರು.

"ಯಾರಲೇ ಇದನ್ನ ಅಗೀಬ್ಯಾಡಂದವರು?"

"ರಾಣೋಜಿಯವರ ಸೂತಕ ಅಂತ… ನಾನರೀ," ಎಂದ ನಾಗಲಿಂಗಪ್ಪ.

"ಅವರ ಗರಡ್ಯಾಗ ಮರುದಿನಾನ ಕಣ ಅಗದ್ರು. ಹುಡುಗೂರು ಅಳಕೋತ ಅಗದ್ರು."

ಎಲ್ಲರೂ ನನ್ನ ಕಡೆ ನೋಡಿದರು. ಗೆದ್ದೆ ಅನಿಸಲಿಲ್ಲ. ಕುಸ್ತಿಯ ಹಿಂದಿನ ದಿನ ನಾನೂ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತಿದ್ದೆ.

ಜನವರಿ 30

ಶೇಖಪ್ಪನ ಮನೆಗೆ ಹೋಗಿದ್ದೆ. ಹೆಗಲಿಗೆ ಬಿದಿರು ದಬ್ಬೆ ಕಟ್ಟಿದ್ದಾರೆ. ಎರಡು ತಿಂಗಳು ಕೈ ಎತ್ತುವಂತಿಲ್ಲ. ಒಂದನೇ ತಾರೀಖು ಹಾಜರಾಗದಿದ್ದರೆ ಜಾಗ ಬೇರೆಯವರಿಗೆ ಎಂದು ಡಿಪೋ ಮೇಸ್ತ್ರಿ ಹೇಳಿ ಕಳಿಸಿದ್ದಾನೆ. ಬದಲಿ ಆಳು ಬಂದರೆ ನಡೆಯುತ್ತದಂತೆ.

"ನಿನ್ನ ಕೈ ನೆಟ್ಟಗಾಗೂ ತನಕ ನಾ ಹೋಗ್ತೇನಿ. ನನ್ನ ಊಟದ್ದಷ್ಟ ಇಟ್ಕೋತೇನಿ. ಉಳದ ಪಗಾರ ನಿಮ್ಮವ್ವಗ."

"ಆಮ್ಯಾಲೆ?"

"ನೀ ಬಾ. ನಾ ಜಾಗಾ ಬಿಡ್ತೇನಿ."

ಕಾಶೆವ್ವ ಚಹಾ ತಂದಿಟ್ಟಳು. ಶೇಖಪ್ಪ ಗೋಡೆಯ ಕಡೆ ಮುಖ ಮಾಡಿ, "ನನ್ನ ಸಲುವಾಗಿ ಅತ್ತಿಯಂತಲ್ಲೋ. ನಾಗ್ಯಾ ನೋಡ್ಯಾನ," ಎಂದ.

"ಹೂಂ. ಅತ್ತೆ."

ಬರುತ್ತ ಗರಡಿಗೆ ಹೋದೆ. ನಾಗಲಿಂಗಪ್ಪ ಒಬ್ಬನೇ ಕಣ ಅಗೆಯುತ್ತಿದ್ದ. ಮೀಸೆ ಮೊಳೆಯುತ್ತಿದೆ. ಇನ್ನೊಂದು ಗುದ್ದಲಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದ. ಇಬ್ಬರೂ ಅಗೆದೆವು. ಮಜ್ಜಿಗೆ ಹಾಕುವಾಗ ಅವನೇ ಬಾಯಿ ಬಿಟ್ಟ.

"ಆದ್ರೂ ರಾಣೋಜಿಗೆ ನೀ ಅಳಬೇಕಾಗಿತ್ತಲೇ."

"ಬರಲಿಲ್ಲೋ."

ಅವ್ವ ರೊಟ್ಟಿ ಕಟ್ಟಿದ್ದಾಳೆ. ದಾಂಡೇಲಿ ಕಡೆಯ ನಾಟಾ ಗಾಡಿಯವನಿಗೆ ಹೇಳಿದ್ದಾಗಿದೆ. ನಾಳೆ ಹೊರಡುತ್ತೇನೆ.