ಆರಡಿ ಒಂದೂವರೆ ಇಂಚು

ತಂಡಯಾರ್‌ಪೇಟೆ, ಮದರಾಸು
ಭಾನುವಾರ, 11-11-1979

ಪ್ರೀತಿಯ ಕಲಾವತಿಗೆ,

ಮೊದಲು ಕ್ಷೇಮ ವಿಚಾರಿಸಿ ಆಮೇಲೆ ಸುದ್ದಿ ಬರೆಯಬೇಕೆಂಬ ಶಿಷ್ಟಾಚಾರವನ್ನು ಮೂವತ್ತು ವರ್ಷ ಪಾಲಿಸಿಕೊಂಡು ಬಂದವನು ನಾನು. ಇವತ್ತೊಂದು ದಿನ ಅದನ್ನು ಮುರಿಯುತ್ತಿದ್ದೇನೆ, ಮನ್ನಿಸು. ಈ ಪತ್ರದ ಮೂಲಕ ಸಮಸ್ತ ಲೋಕಕ್ಕೂ, ವಿಶೇಷವಾಗಿ ಬ್ಯಾಂಕಿನ ಗುಲ್ಬರ್ಗಾ ಶಾಖೆಯ ಮ್ಯಾನೇಜರಿಣಿಯಾದ ನಿನಗೂ ತಿಳಿಯಪಡಿಸುವುದೇನೆಂದರೆ, ಮೊನ್ನೆ ಗುರುವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಜಾಗ್ವಾರ್ ಕಾರಿನ ಗಡಿಯಾರ ಓಡಿತು. ಹನ್ನೊಂದು ವರ್ಷ ಕಡಲಗಾಳಿಯ ಉಪ್ಪು ತಿಂದು ಮೌನವ್ರತ ಹಿಡಿದು ಕೂತಿದ್ದ ಗಡಿಯಾರ. ನಾನು ಡ್ಯಾಶ್‌ಬೋರ್ಡಿನ ಮರಕ್ಕೆ ಎಣ್ಣೆ ಹಚ್ಚುತ್ತಿದ್ದೆ, ಅದು ಟಿಕ್ ಎಂದಿತು. ನಾಲ್ಕು ನಿಮಿಷ ಓಡಿ, ನನ್ನ ಪಾಲಿನ ಕೆಲಸ ಮುಗಿಯಿತಪ್ಪಾ ಎನ್ನುವಂತೆ ಮತ್ತೆ ನಿಂತಿತು. ‘ಕಲಾ, ಬಾ ಇಲ್ಲಿ, ಬೇಗ’ ಎಂದು ನಾನು ಕೂಗಿಬಿಟ್ಟೆ. ಕೂಗಿ ಎರಡು ನಿಮಿಷ ಕಾದೆ ಕೂಡ. ಉಳಿದ ಎರಡು ನಿಮಿಷ ಒಬ್ಬನೇ ನೋಡಿದೆ.

ಈಗ ಕ್ಷೇಮ ಸಮಾಚಾರ. ನಿನ್ನ ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆಯನ್ನು ತಿಂಡಿಗೆ ಮೊದಲು ತೆಗೆದುಕೊಳ್ಳುತ್ತೀಯೋ, ಅಥವಾ ಇಲ್ಲಿಯ ಹಾಗೆ ನೆನಪಾದಾಗಲೋ? ಜೋಳದ ರೊಟ್ಟಿ ಬಡಿಯುವುದನ್ನು ಕಲಿತೆ ಎಂದು ಬರೆದಿದ್ದೆ. ನಿನ್ನ ಕೈಯಲ್ಲಿ ಅದು ಯಾವ ಆಕಾರ ತಾಳುತ್ತದೆಂದು ಬರೆದಿರಲಿಲ್ಲ. ನಾನು ಕ್ಷೇಮ. ಸಾರು ಮಾಡಲು ಕಲಿತಿದ್ದೇನೆ. ಆದರೆ ಒಬ್ಬನಿಗೆ ಆಗುವಷ್ಟು ಸಾರು ಮಾಡುವ ವಿದ್ಯೆ ಇನ್ನೂ ಕೈಗೆ ಹತ್ತಿಲ್ಲ. ಸೋಮವಾರದ ಸಾರು ಬುಧವಾರದವರೆಗೆ ನನ್ನ ಮುಖ ನೋಡುತ್ತಿರುತ್ತದೆ, ನಾನು ಅದರ ಮುಖ ನೋಡುತ್ತಿರುತ್ತೇನೆ. ಮಹಡಿಯ ಮೇಲಿನ ಮನೆಯೊಡತಿ ಅಂಬುಜಮ್ಮನವರಿಗೆ ಗಡಿಯಾರದ ಸುದ್ದಿ ಹೇಳಿದೆ. ‘ಗಡಿಯಾರ ಓಡಿತಾ? ರೊಂಬ ಸಂತೋಷ ಸ್ವಾಮಿ. ಸಂಸಾರ ಬಿಟ್ಟು ಹೀಗೆ ಕೂತಿದೀರಲ್ಲ, ನೀವು ಯಾವಾಗ ಓಡೋದು?’ ಎಂದು ಹೂ ಕಟ್ಟುತ್ತಲೇ ಕೇಳಿದರು. ಬಾಡಿಗೆದಾರನಾದ್ದರಿಂದ ನಕ್ಕು ಕೆಳಗಿಳಿದು ಬಂದೆ.

ಜೂನ್ ತಿಂಗಳಲ್ಲಿ ವರ್ಗವಾಗಿ ಹೊರಟ ನಿನ್ನನ್ನು ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದಾಗ ಕಿಟಕಿಯಿಂದ ನೀನು ಹೇಳಿದ ಮಾತು ನೆನಪಿದೆಯೇ? ‘ಕಾರು ಬೇಕಾ, ನಾನು ಬೇಕಾ ಅಂತ ನಿಮ್ಮನ್ನ ಕೇಳಕ್ಕೆ ಹೋಗಲ್ಲ. ಕೇಳಿದ್ರೆ ನೀವು ಯೋಚ್ನೆ ಮಾಡ್ತೀರಿ.’ ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. ಆಗಸ್ಟ್ ಕೊನೆಗೆ ವಿಮಾ ಕಚೇರಿಯವರು ನನಗೆ ಗಂಧದ ಹಾರ ಹಾಕಿ ಮನೆಗೆ ಕಳಿಸಿದ ಮರುದಿನವೇ ಗುಲ್ಬರ್ಗಾಕ್ಕೆ ಬಂದುಬಿಡುವುದೆಂದು ನಮ್ಮ ಒಪ್ಪಂದ. ಸೆಪ್ಟೆಂಬರಿನಲ್ಲಿ ಕಾರ್ಬ್ಯುರೇಟರ್ ಎಂದು ಬರೆದೆ. ಅಕ್ಟೋಬರಿನಲ್ಲಿ ಕ್ಲಚ್ ಪ್ಲೇಟ್ ಎಂದೆ. ಆಮೇಲೆ ಬ್ರೇಕು. ಒಂದು ಕಾರಿನಲ್ಲಿ ಎಷ್ಟು ಭಾಗಗಳಿವೆಯೆಂದು ನಿನಗೆ ಹೆಚ್ಚು ತಿಳಿಯದೆಂಬ ಧೈರ್ಯದ ಮೇಲೆ ಬರೆದದ್ದು.

ಆ ಕಾರಿನ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ಐವತ್ತಮೂರನೇ ಇಸವಿಯ ಮಾರ್ಕ್ ಸೆವೆನ್. ಹದಿಮೂರು ವರ್ಷದ ಹಿಂದೆ ಬಂದರಿನ ಇಂಜಿನಿಯರ್ ದೊರೆ ತನ್ನ ದೇಶಕ್ಕೆ ಹೊರಟಾಗ ನಾಯಿಯನ್ನು ಯಾರಿಗೋ ಕೊಟ್ಟು, ಇದನ್ನು ನಮಗೆ ಕೊಟ್ಟು ಹೋದ. ಆರು ಸಿಲಿಂಡರ್, ನೂರ ಅರವತ್ತು ಕುದುರೆ, ಕೆಂಪು ಚರ್ಮದ ಸೀಟು, ಎಡಕ್ಕೊಂದು ಬಲಕ್ಕೊಂದು ಪೆಟ್ರೋಲ್ ಟ್ಯಾಂಕು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಒಳಮನೆಯಲ್ಲಿ ಯಾರೋ ತಂಬೂರಿ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಎನ್ನಿಸುವ ಸದ್ದು. ಬೇರೆ ಕಾರುಗಳು ರಸ್ತೆಯ ಮೇಲೆ ಹೋಗುತ್ತವೆ. ಇದು ಹೋಗುವಾಗ ರಸ್ತೆಯೇ ಮರ್ಯಾದೆಯಿಂದ ಕೆಳಗೆ ಸರಿದುಕೊಳ್ಳುತ್ತದೆ. ಬಾನೆಟ್ಟಿನ ಮೇಲೆ ಹಾರುವ ಭಂಗಿಯ ಬೆಳ್ಳಿ ಬಣ್ಣದ ಚಿರತೆಗೆ ನೀನು ಪ್ರತಿವರ್ಷ ಆಯುಧಪೂಜೆಯ ದಿನ ಕುಂಕುಮವಿಟ್ಟು, ‘ನಮ್ಮ ಬೆಕ್ಕಿಗೆ ದೃಷ್ಟಿಯಾಗದಿರಲಿ’ ಎನ್ನುತ್ತಿದ್ದೆ. ಈ ಸಲ ನಾನೇ ಇಟ್ಟೆ. ಸ್ವಲ್ಪ ಸೊಟ್ಟಗಾಯಿತು. ಹೇಳುವವರಿಲ್ಲವಾದ್ದರಿಂದ ಹಾಗೇ ಬಿಟ್ಟಿದ್ದೇನೆ.

ಭಾನುವಾರಗಳಂದು ಈಗಲೂ ಎಣ್ಣೂರಿನವರೆಗೆ ಹೋಗಿ ಬರುತ್ತೇನೆ. ಕಾಸಿಮೇಡಿನ ಮೀನಿನ ಗಾಡಿಗಳು ಮುಗಿದ ಮೇಲೆ ಸಿಗುವ ಆ ನೇರ ರಸ್ತೆಯಲ್ಲಿ ಮುಳ್ಳು ಅರವತ್ತು ಮೈಲಿಗೆ ಬಂದ ಕೂಡಲೇ ನೀನು ಕನ್ನಡಕವನ್ನು ಒತ್ತಿಕೊಂಡು, ‘ಸಾಕು’ ಎನ್ನುತ್ತಿದ್ದೆ. ಇಷ್ಟು ವರ್ಷ ನಾನು ಆ ಮಾತಿಗಾಗಿಯೇ ವೇಗ ಹೆಚ್ಚಿಸುತ್ತಿದ್ದೆನೋ ಏನೋ. ಈಗ ಯಾರೂ ‘ಸಾಕು’ ಅನ್ನುವುದಿಲ್ಲ. ಅದಕ್ಕೇ ಐವತ್ತಕ್ಕೇ ಕಾಲು ತೆಗೆಯುತ್ತೇನೆ.

ಇರಲಿ. ಶುಕ್ರವಾರ ಅಂಬುಜಮ್ಮನವರ ಮೊಮ್ಮಗನ ಮದುವೆ, ಮೈಲಾಪುರದ ಛತ್ರದಲ್ಲಿ. ‘ಮಾಪಿಳ್ಳೆ ನಿಮ್ಮ ಕಾರಲ್ಲೇ ಇಳೀಬೇಕು ಸ್ವಾಮಿ, ಹೆಣ್ಣಿನ ಕಡೆಯವರು ಕಣ್ಣು ಬಿಡಬೇಕು’ ಎಂದು ಅವರ ಅಪ್ಪಣೆ. ಕಾರನ್ನು ಎರಡು ದಿನ ತಿಕ್ಕಿದೆ. ಬಿಳಿ ಷರ್ಟು, ಬಿಳಿ ಪ್ಯಾಂಟು, ನಿವೃತ್ತಿಯ ದಿನ ಕೊಟ್ಟ ಕೈಗಡಿಯಾರ. ಹುಡುಗ ಹಿಂದಿನ ಸೀಟಿನಲ್ಲಿ ಮಹಾರಾಜನ ಹಾಗೆ ಕೂತಿದ್ದ. ನಾವು ಛತ್ರದ ಮುಂದೆ ನಿಂತಾಗ ನಾಗಸ್ವರದವನೇ ಒಂದು ಗಳಿಗೆ ಊದುವುದನ್ನು ಮರೆತ. ಹೆಣ್ಣಿನ ಕಡೆಯವರು ಆರತಿ ಎತ್ತಿ ಹುಡುಗನನ್ನು ಒಳಗೆ ಕರೆದುಕೊಂಡರು. ನಾನು ಕಾರಿಗೆ ಬೀಗ ಹಾಕಿ ಹಿಂದೆಯೇ ಮೆಟ್ಟಿಲು ಹತ್ತಿದೆ. ಜರಿಪಂಚೆಯ ದಪ್ಪ ಮನುಷ್ಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ವಿಶ್ವಾಸದಿಂದಲೇ, ‘ಡ್ರೈವರ್‌ಗೆಲ್ಲಾ ಪಿನ್ನಾಡಿ ಎಲೆ ಹಾಕಿದೀವಿಪ್ಪಾ, ಹೊಟ್ಟೆ ತುಂಬಾ ಸಾಪ್ಪಿಡು’ ಎಂದು ಛತ್ರದ ಹಿತ್ತಲನ್ನು ತೋರಿಸಿದರು.

ನೀನು ಈಗ ನಗುತ್ತಿದ್ದೀಯ, ಗೊತ್ತು. ನಾನು ಏಕೆ ಬಾಯಿ ಬಿಡಲಿಲ್ಲವೆಂದು ಆಮೇಲೆ ಬಹಳ ಯೋಚಿಸಿದೆ. ಕಾರು ನನ್ನದೇ ಸ್ವಾಮಿ ಎನ್ನಲು ಸಾಕ್ಷಿ ಬೇಕು. ಹದಿಮೂರು ವರ್ಷ ಇದೇ ಕಾರು, ಇದೇ ಬಿಳಿ ಷರ್ಟು, ಇದೇ ಮುಖ. ಒಮ್ಮೆಯೂ ಯಾರೂ ನನ್ನನ್ನು ಹಿತ್ತಲಿಗೆ ಕಳಿಸಿರಲಿಲ್ಲ. ಏಕೆಂದರೆ ಪಕ್ಕದ ಸೀಟಿನಲ್ಲಿ ನೀನಿರುತ್ತಿದ್ದೆ. ಈ ಊರಿನಲ್ಲಿ ಇಂಥ ಕಾರಿನಲ್ಲಿ ಹೆಂಡತಿ ಪಕ್ಕದಲ್ಲಿದ್ದರೆ ಯಜಮಾನ, ಪಕ್ಕ ಖಾಲಿಯಿದ್ದರೆ ಡ್ರೈವರ್. ಇದು ಯಾವ ಆರ್.ಸಿ. ಪುಸ್ತಕದಲ್ಲೂ ಬರೆದಿಲ್ಲ, ಆದರೆ ಜರಿಪಂಚೆಯವರಿಗೆಲ್ಲ ಗೊತ್ತಿದೆ.

ಹಿತ್ತಲಲ್ಲಿ ನಾಲ್ಕು ಜನ ಡ್ರೈವರುಗಳು ಎಲೆಯ ಮುಂದೆ ಕೂತಿದ್ದರು. ನನ್ನ ಪಕ್ಕದವನು ಹರಿದಾಸ. ಮಿಲ್ ಮಾಲೀಕರೊಬ್ಬರ ಇಂಪಾಲಾ ಕಾರು ಓಡಿಸುತ್ತಾನೆ, ಕೋಲಾರದ ಕಡೆಯವನು. ಕಲಾ, ನಿಜ ಹೇಳುತ್ತೇನೆ, ಐದು ತಿಂಗಳಲ್ಲಿ ನಾನು ಅಷ್ಟು ಸುಖವಾಗಿ ಊಟ ಮಾಡಿದ್ದೇ ಅವತ್ತು. ಜಾಗ್ವಾರಿಗೆ ಎರಡು ಟ್ಯಾಂಕು ಎಂದಾಗ ಅವನು ಕೈಯಲ್ಲಿದ್ದ ಹಪ್ಪಳ ಕೆಳಗಿಟ್ಟು, ‘ಕರೆಕ್ಟಣ್ಣಾ, ಹೋಗಕ್ಕೊಂದು, ವಾಪಸ್ ಬರಕ್ಕೊಂದು’ ಎಂದ. ಎಲ್ಲರೂ ನಕ್ಕರು. ಪಾಯಸ ಎರಡನೇ ಸಲ ಬಂತು. ಅಷ್ಟರಲ್ಲಿ ಹರಿದಾಸ, ‘ನಿಮ್ಮ ಓನರ್ ಯಾರಣ್ಣಾ?’ ಎಂದು ಕೇಳಿದ.

ಬಾಯಿಗೆ ಬಂದದ್ದನ್ನು ಹೇಳಿದೆ. ನಮ್ಮ ಅಮ್ಮಾವರು, ದೊಡ್ಡ ಬ್ಯಾಂಕ್ ಆಫೀಸರ್, ಈಗ ಗುಲ್ಬರ್ಗಾದಲ್ಲಿದ್ದಾರೆ ಎಂದೆ. ‘ಅಮ್ಮಾ ಅಲ್ಲಿ, ವಂಡಿ ಇಲ್ಲಿ. ಹಂಗಾರೆ ನೀವು ಯಾರನ್ನ ಕೂರಿಸ್ಕಂಡು ಓಡಿಸ್ತೀರಿ?’ ದಿನಾ ತೊಳೆದು, ಒರೆಸಿ, ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ ಎಂದೆ. ಅವನು ಎಲೆ ಮಡಚುತ್ತಾ, ನನ್ನನ್ನು ನೋಯಿಸುವ ಉದ್ದೇಶ ಎಳ್ಳಷ್ಟೂ ಇಲ್ಲದೆ ಹೇಳಿದ: ‘ಅದು ಡ್ರೈವರ್ ಕೆಲ್ಸ ಅಲ್ಲಣ್ಣಾ. ವಾಚ್‌ಮನ್ ಕೆಲ್ಸ.’

ಪಾಯಸ ಹಾಗೇ ಉಳಿಯಿತು. ಹುಡುಗನ ಕಡೆಯವರನ್ನೆಲ್ಲ ಮನೆಗೆ ಮುಟ್ಟಿಸಿ, ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ನಾನು ಎಡಗಡೆ ಬಾಗಿಲು ತೆಗೆದು ನಿನ್ನ ಜಾಗದಲ್ಲಿ ಕೂತೆ. ಹದಿಮೂರು ವರ್ಷದಲ್ಲಿ ಮೊದಲ ಸಲ. ಅಲ್ಲಿಂದ ನೋಡಿದರೆ ಬೆಕ್ಕು ಕಾಣಿಸುವುದೇ ಇಲ್ಲ, ಬಾನೆಟ್ಟಿನ ಏರು ಅಡ್ಡ ಬರುತ್ತದೆ. ಚೆನ್ನಾಗಿ ಕಾಣುವುದು ಡ್ರೈವರ್ ಸೀಟು ಮಾತ್ರ. ನೀನು ಇಷ್ಟು ವರ್ಷ ಎಣ್ಣೂರಿನವರೆಗೆ ಏನು ನೋಡುತ್ತಾ ಬರುತ್ತಿದ್ದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಷಯ. ನಿನ್ನ ಕಳೆದ ಎರಡು ಪತ್ರಗಳಲ್ಲಿ ‘ಯಾವಾಗ ಬರ್ತೀರಿ’ ಎಂಬ ಸಾಲಿಲ್ಲ. ಮರೆತಿರಬಹುದೆಂದು ಕಾಗದ ತಿರುಗಿಸಿ ನೋಡಿದೆ. ವಿಳಾಸದ ಕೆಳಗೂ ನೋಡಿದೆ. ಕಾರ್ಬ್ಯುರೇಟರ್ ಸರಿಯಾಗಿಯೇ ಇತ್ತು, ಕಲಾ. ಕ್ಲಚ್ ಕೂಡ. ಬ್ರೇಕು ಸ್ವಲ್ಪ ಸದ್ದು ಮಾಡುತ್ತಿತ್ತು, ಅಷ್ಟೆ.

ಆ ಊರಿನ ಬಿಸಿಲು ನಿನ್ನನ್ನು ಕಂಡರೆ ಕೊಂಚ ಮೆತ್ತಗಾಗಲಿ, ನಿನ್ನ ಮಂಡಿ ನಿನ್ನ ಮಾತು ಕೇಳಲಿ. ಅಂಬುಜಮ್ಮನವರು ಮದುವೆಯ ಕುಂಕುಮ, ಅರಿಶಿನ ಕಳಿಸಿದ್ದಾರೆ, ಇದರೊಳಗಿದೆ.

ನಿನ್ನ ಡ್ರೈವರ್,
ತಿರುಮಲೇಶ

ಮರೆತಿದ್ದೆ: ಅಂಚೆ ಪೆಟ್ಟಿಗೆಗೆ ಹಾಕುವ ಮುಂಚೆ ಒಂದು ಸಣ್ಣ ಉಪಕಾರ ಕೇಳಬೇಕು. ನಿನ್ನ ಬ್ಯಾಂಕ್ ಕ್ವಾರ್ಟರ್ಸಿನ ಗೇಟಿನ ಅಗಲ ಎಷ್ಟು? ಕಾರು ಆರಡಿ ಒಂದೂವರೆ ಇಂಚು. ಹೊಲಿಗೆಯ ಟೇಪು ಇಲ್ಲೇ ಮೆಷಿನ್ನಿನ ಡ್ರಾಯರಿನಲ್ಲಿ ಉಳಿದಿತ್ತು, ಅದನ್ನೂ ಲಕೋಟೆಯಲ್ಲಿಟ್ಟಿದ್ದೇನೆ. ಅದು ಅರವತ್ತು ಇಂಚಿಗೇ ಮುಗಿದುಹೋಗುತ್ತದೆ. ಅಲ್ಲಿ ಬೆರಳಿಟ್ಟು ಮತ್ತೆ ಹಿಡಿ. ಎಪ್ಪತ್ತೈದು ಇಂಚು ಬಂದರೆ ಬರುವ ಭಾನುವಾರ ಹರಿದಾಸ ಬಂದು ರೇಡಿಯೇಟರ್ ನೋಡಿಕೊಡುತ್ತಾನೆ, ಸೋಮವಾರ ಹೊರಡುತ್ತೇನೆ. ಹೋಗುವ ಟ್ಯಾಂಕು ಒಂದನ್ನೇ ತುಂಬಿಸುತ್ತೇನೆ. ಅಷ್ಟು ಅಗಲವಿಲ್ಲದಿದ್ದರೂ ಅಳೆದು ಬರೆ. ಆಗ ಬೆಕ್ಕನ್ನು ಕಾರಿನ ಸಮೇತ ಹರಿದಾಸನಿಗೆ ಒಪ್ಪಿಸಿ ರೈಲಿನಲ್ಲಿ ಬರುತ್ತೇನೆ. ನನ್ನ ಅಗಲ ನಿನಗೆ ಗೊತ್ತೇ ಇದೆ.